ಪದಚರ್ಚೆ: ‘ಪರಿಹಾರ’ಕ್ಕೆ ಎಷ್ಟು ಅರ್ಥ ಹೊರಿಸುವುದು?

ಬಲ್ಲವರಿಗೆ ನಮಸ್ಕಾರ.

‘ಕಾಡಾನೆ ಹಾವಳಿಗೆ ಶಾಶ್ವತ ಪರಿಹಾರ’ ಎಂದರೆ ಹಾವಳಿ ನಿಲ್ಲಿಸುವ ಉಪಾಯ. ‘ಕಾಡಾನೆ ಹಾವಳಿಗೆ ಹೆಚ್ಚಿನ ಪರಿಹಾರ’ ಎಂದರೆ ದುಡ್ಡು. ‘ಕಾಣು’, ‘ಕೊಡು’ ಎಂಬ ಕ್ರಿಯಾಪದ ಜೊತೆಗಿದ್ದರೆ ಅರ್ಥ ಬಿಡಿಸಿಕೊಳ್ಳಬಹುದು. ತಲೆಬರಹದಲ್ಲಿ ಆ ಆಸರೆ ಇರುವುದಿಲ್ಲ. ಮೂಲಾರ್ಥವಂತೂ ನೀಗಿಸುವುದು. ಶಾಸನಗಳ ‘ಸರ್ವಬಾಧಾ ಪರಿಹಾರ’ ಎಂದರೆ ಎಲ್ಲ ಬಾಧೆಗಳಿಂದ ಬಿಡುಗಡೆ.

ದೊಡ್ಡ ತೊಡಕಿರುವುದು ದುಡ್ಡಿನ ಅರ್ಥದಲ್ಲೇ. ಹುಲಿ ಹಸು ಕೊಂದಾಗ ಅರಣ್ಯ ಇಲಾಖೆ ಕೊಡುವುದಕ್ಕೆ ಕಡತದ ಹೆಸರು ‘ದಯಾತ್ಮಕ ಧನ’. ಅದು ಸರ್ಕಾರ ಮೊದಲೇ ಗೊತ್ತುಮಾಡಿದ ದರ, ಆದ ನಷ್ಟವನ್ನು ಅಳೆದು ತುಂಬಿಕೊಡುವ ಮೊತ್ತವಲ್ಲ. ಪತ್ರಿಕೆಗಳಲ್ಲಿ ಇದೇ ‘ನಷ್ಟಪರಿಹಾರ’ವಾಗುತ್ತದೆ, ಇಲಾಖೆಯ ತಂತ್ರಾಂಶದ ಹೆಸರೂ ‘ಇ-ಪರಿಹಾರ’. ಕಳೇಬರ ಸರಿಸದೆ ಸುದ್ದಿ ಮುಟ್ಟಿಸಿ, ಮಹಜರು ಮಾಡಿಸಿ, ಪಶುವೈದ್ಯರ ಪ್ರಮಾಣಪತ್ರ ಸೇರಿಸಿ, ಓಡಾಟಕ್ಕೆ ಕೂಲಿ ಕಳೆದುಕೊಂಡು, ಕೊನೆಗೆ ಕರೆಯುವ ಹಸುವಿನ ಸಂತೆ ಬೆಲೆಗಿಂತ ಕಡಿಮೆ ಕೈಗೆ ಬಂದರೆ ಅದನ್ನು ನಷ್ಟ ಪರಿಹಾರವಾಯಿತು ಎನ್ನುವುದು ಹೇಗೆ? ಹುಲಿ ಉಳಿದರೆ ಲಾಭ ನಾಡಿಗೆಲ್ಲ, ಖರ್ಚು ಮಾತ್ರ ಕಾಡಂಚಿನ ಒಂದು ಕೊಟ್ಟಿಗೆಗೆ. ಈ ಅಂತರ ಬೆಳೆದಲ್ಲಿ ಕಳೇಬರಕ್ಕೆ ವಿಷ ಬೀಳುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ಸತ್ತದ್ದು ವಿಷ ಹಾಕಿದ ಹಸುವಿನ ಮಾಂಸ ತಿಂದು. ಹಾಗಾಗಿ ಪದ ಸಡಿಲವಾದರೆ ನೀತಿಯ ಕೊರತೆಯೂ ಮರೆಯಾಗುತ್ತದೆ ಎಂಬುದು ನನ್ನ ಆತಂಕ.

‘ಪರಿಹಾರಾತ್ಮಕ ಅರಣ್ಯೀಕರಣ’ದ್ದೂ ಇದೇ ಪಾಡು. ಕಾಡಿನ ಜಮೀನು ಬೇರೆ ಕೆಲಸಕ್ಕೆ ಹೋದಾಗ ಇನ್ನೊಂದೆಡೆ ಗಿಡ ನೆಡುತ್ತಾರೆ. ಅರಣ್ಯೇತರ ಜಮೀನು ಸಿಗದಿದ್ದರೆ ಹಾಳುಬಿದ್ದ ಕಾಡಿನಲ್ಲಿ ಎರಡು ಪಟ್ಟು ಜಾಗದಲ್ಲಿ ನೆಡುತ್ತಾರೆ. ಆದರೆ ನೆಟ್ಟ ಗಿಡ ಕಳೆದುಹೋದ ಕಾಡನ್ನು ತುಂಬಿಕೊಡದು: ಮರದ ಮೇಲೇ ಬದುಕುವ ಸಿಂಗಳೀಕ ಕೋತಿಗೆ ಬೇಕಾದ್ದು ಕೊಂಬೆಗೆ ಕೊಂಬೆ ತಾಗುವ ನಿತ್ಯಹರಿದ್ವರ್ಣ ಕಾಡು, ತೇಗದ ಸಾಲಲ್ಲ. ಇಲ್ಲಿ ‘ಬದಲಿ ನೆಡುತೋಪು’ ಎಂದರೆ ಸಾಕು. ‘ನೆಡುತೋಪು’ ಇಲಾಖೆಯದೇ ಮಾತು.

ಉಪಾಯಕ್ಕೆ ‘ಪರಿಹಾರ’, ಈಗ ಸಿಗುವ ಹಣಕ್ಕೆ ‘ದಯಾತ್ಮಕ ಧನ’, ಅಳೆದು ಪೂರ್ತಿ ತುಂಬಿಕೊಡುವುದಕ್ಕೆ ‘ನಷ್ಟಭರ್ತಿ’ ಎಂದು ಬೇರ್ಪಡಿಸಬಹುದೇ? ‘ದಯಾತ್ಮಕ’ ಆಡುಮಾತಿಗೆ ಒಗ್ಗುವ ಪದವಲ್ಲ. ಸಕಲೇಶಪುರ, ಕೊಡಗು, ಹನೂರಿನ ಕಡೆಯ ರೈತರು ಈ ದುಡ್ಡನ್ನು ಏನೆಂದು ಕರೆಯುತ್ತಾರೆ? ‘ನಷ್ಟಭರ್ತಿ’ ನಿಮ್ಮಲ್ಲಿ ಬಾಯಿಮಾತಿನಲ್ಲಿ ಇದೆಯೇ, ಕೋರ್ಟಿನ ಕಾಗದದಲ್ಲಿ ಮಾತ್ರವೇ? ಬಳಕೆಯ ವಾಕ್ಯ ಸಮೇತ ತಿಳಿಸಿ.