ಸಹಾಯ ಬೇಕು: ಮನೆಗೆ ಹೊಸ ಕಂಪ್ಯೂಟರ್, ಎರಡರಲ್ಲಿ ಯಾವುದು ತೆಗೆದುಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇದೆ. ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಹಾಕಲು ಆಗುತ್ತಿಲ್ಲ. ಹೊಸದು ನೋಡಲು ಅಂಗಡಿಗೆ ಹೋಗಿದ್ದೆ.

ಎರಡು ಡೆಸ್ಕ್‌ಟಾಪ್ ಇಷ್ಟವಾದವು. ಎರಡರಲ್ಲೂ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ರ‍್ಯಾಮ್‌ನ ತಲೆಮಾರು ಮಾತ್ರ ಬೇರೆ: ಮೊದಲನೆಯದರಲ್ಲಿ ಹಳೇ ಡಿಡಿಆರ್4, ಎರಡನೆಯದರಲ್ಲಿ ಹೊಸ ಡಿಡಿಆರ್5. ಪಕ್ಕದ ಮುಚ್ಚಳ ತೆಗೆಸಿ ನೋಡಿದೆ. ಮೊದಲನೆಯದರಲ್ಲಿ ರ‍್ಯಾಮ್ ಸ್ಲಾಟ್ ಇರುವುದೇ ಎರಡು, ಎರಡೂ ತುಂಬಿವೆ. ಇನ್ನೊಂದರಲ್ಲಿ ಒಂದೇ ಸ್ಟಿಕ್, ಪಕ್ಕದ ಸ್ಲಾಟ್ ಖಾಲಿ. ಡಿಡಿಆರ್5 ಸ್ಟಿಕ್ ಡಿಡಿಆರ್4 ಸ್ಲಾಟ್‌ಗೆ ಕೂರುವುದಿಲ್ಲ. ಮುಂದೆ ರ‍್ಯಾಮ್ ಜಾಸ್ತಿ ಮಾಡಬೇಕಾದರೆ ಎರಡನೆಯದೇ ವಾಸಿ ಅಲ್ವಾ? ನಮಗೆ ಮಕ್ಕಳ ಓದು, ಕನ್ನಡ ಟೈಪಿಂಗ್, ಸ್ವಲ್ಪ ಫೋಟೋ ಎಡಿಟಿಂಗ್, ಇಷ್ಟೇ ಕೆಲಸ.

ಅಂಗಡಿಯವರು ಆಫೀಸ್ ಪ್ಯಾಕೇಜು, ಆಂಟಿವೈರಸ್ಸು ಎರಡನ್ನೂ ಜೊತೆಗೇ ತೆಗೆದುಕೊಳ್ಳಿ ಅಂದರು. ವಿಂಡೋಸ್‌ನಲ್ಲೇ ಡಿಫೆಂಡರ್ ಅನ್ನುವ ಆಂಟಿವೈರಸ್ ಬರುತ್ತದೆ, ಇನ್ನೊಂದಕ್ಕೆ ಸುಮ್ನೆ ದುಡ್ಡು ಯಾಕೆ ಅನ್ನಿಸಿತು. ಆಫೀಸ್ ಪ್ಯಾಕೇಜಿನ ಬದಲು ಬಳಸಬಹುದಾದ ಲಿಬ್ರೆಆಫೀಸ್ ಉಚಿತ. ಆದರೆ ಶಾಲೆಯಿಂದ ಬರುವ ವರ್ಡ್ ಫೈಲ್ ಅದರಲ್ಲಿ ತೆರೆದರೆ ಕನ್ನಡದ ಒತ್ತಕ್ಷರ, ಟೇಬಲ್ ಎಲ್ಲಾ ಸರಿಯಾಗಿ ಉಳಿಯುತ್ತವಾ? ದಿನವೂ ಬಳಸುವವರು ದಯವಿಟ್ಟು ತಿಳಿಸಿ.