ಪದ ಬೇಕಿದೆ: ‘ಡಿಸ್ಸೆಮಿನೇಟೆಡ್ ಫಂಗಲ್ ಇನ್ಫೆಕ್ಷನ್’ಗೆ ಏನೆನ್ನಬಹುದು?

ಪ್ರಶ್ನೆ (ತುಮಕೂರು): ಗುಬ್ಬಿ, ಶಿರಾ, ಮಧುಗಿರಿ ಕಡೆಯ ರೋಗಿಗಳ ಮನೆಯವರಿಗಾಗಿ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಆದವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುವವರಿಗೆ ಬರುವ ಈ ಕಾಯಿಲೆಗೆ ಕರಡಿನಲ್ಲಿ ‘ಹರಡಿದ ಫಂಗಸ್ ಸೋಂಕು’ ಎಂದಿದೆ. ‘ಪ್ರಸರಿತ ಶಿಲೀಂಧ್ರ ಸೋಂಕು’ ಎಂಬ ಸಲಹೆಯೂ ಇದೆ. ಯಾವುದನ್ನು ಉಳಿಸೋಣ?

ಉತ್ತರ: ಎರಡನ್ನೂ ಬಿಡಿ. ‘ಪ್ರಸರಿತ’ ಯಾರಿಗೂ ತಿಳಿಯದು. ‘ಹರಡಿದ’ ಎಂದರೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಎಂದೇ ಜನ ಓದುತ್ತಾರೆ. ರೋಗಿಯ ತಟ್ಟೆ, ಲೋಟ, ಚಾಪೆ ಬೇರೆಯಾಗುತ್ತವೆ. ನಿಜದಲ್ಲಿ ಆಗುವುದೇ ಬೇರೆ. ಇಂಥ ಸೋಂಕು ತರುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವನ್ನೇ ನೋಡಿ. ಪಾರಿವಾಳದ ಹಿಕ್ಕೆ ಬೆರೆತ ಮಣ್ಣು ಒಣಗಿ ಧೂಳೆದ್ದಾಗ ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ರೋಗ ತಡೆಯುವ ಶಕ್ತಿ ಗಟ್ಟಿಯಿದ್ದರೆ ಅಲ್ಲೇ ಅಡಗುತ್ತದೆ. ಸಿಡಿ4 (ರೋಗ ತಡೆಯುವ ರಕ್ತಕಣ) ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ರಕ್ತಕ್ಕಿಳಿದು ಮಿದುಳಿನ ಪೊರೆ, ಚರ್ಮ, ಮೂಳೆಯವರೆಗೂ ಹೋಗಬಲ್ಲದು. ಪಕ್ಕದಲ್ಲಿ ಮಲಗಿದವರಿಗೆ ದಾಟುವುದಿಲ್ಲ. ಬುಡ ಒಂದೆಡೆ ಇದ್ದು ಕುಂಬಳದ ಬಳ್ಳಿ ಹೊಲವೆಲ್ಲ ಆವರಿಸುವ ಹಾಗೆ. ಆದ್ದರಿಂದ ‘ಹಬ್ಬಿದ’ ನನಗೆ ಒಪ್ಪಿಗೆ.

‘ಫಂಗಸ್’ ಒಂದೇ ಬರೆದರೂ ತೊಂದರೆ. ಹುಳುಕಡ್ಡಿ, ತೊಡೆಸಂದಿನ ತುರಿಕೆ ಎಂದುಕೊಂಡು ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚುತ್ತಾರೆ. ಈ ಸೋಂಕು ಚರ್ಮಕ್ಕೆ ಬಂದಾಗ ಮುಖದ ಮೇಲೆ ನಡುವೆ ಕುಳಿ ಬಿದ್ದ ಸಣ್ಣ ಗುಳ್ಳೆಗಳು ಏಳುವುದುಂಟು. ಅದು ಒಳಗಿನಿಂದ ಬಂದದ್ದು, ಮುಲಾಮಿಗೆ ಬಗ್ಗದು. 2021ರಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಹೆಸರೂ ಹೀಗೇ ದಾರಿ ತಪ್ಪಿಸಿತು. ಆ ಶಿಲೀಂಧ್ರ ಕಪ್ಪಲ್ಲ. ರಕ್ತನಾಳ ಕಟ್ಟಿ ಸತ್ತ ಮಾಂಸ ಕಪ್ಪಾಗುತ್ತದೆ. ಕಪ್ಪು ಕಾಣಲಿ ಎಂದು ಕಾದರೆ ತಡವಾಯಿತೆಂದೇ ಅರ್ಥ.

ರೋಗ ತಡೆಯುವ ಶಕ್ತಿ ಕುಂದಿದವರಿಗೆ ‘ನಿಶ್ಶಕ್ತಿ ಇರುವವರು’ ಎಂದೂ ಬರೆಯಬೇಡಿ. ಗ್ಲೂಕೋಸ್ ಹಾಕಿಸಿದರೆ ಸರಿಹೋಗುವ ಸುಸ್ತು ಎಂದುಕೊಳ್ಳುತ್ತಾರೆ.

ಮತ್ತೊಂದು ಉತ್ತರ (ಕೋಲಾರ): ‘ಹಬ್ಬಿದ’ ಒಳ್ಳೆಯದೇ, ಆದರೆ ‘ಊರಿಗೆಲ್ಲ ಜ್ವರ ಹಬ್ಬಿದೆ’ ಎಂದೂ ಅನ್ನುತ್ತೇವಲ್ಲ. ‘ರಕ್ತದ ಮೂಲಕ ದೇಹದೊಳಗೆ ಹಬ್ಬಿದ ಶಿಲೀಂಧ್ರ ಸೋಂಕು’ ಎಂದು ಪೂರ್ತಿ ಬರೆಯಿರಿ, ಕೆಳಗೇ ‘ಇದು ಅಂಟುರೋಗವಲ್ಲ’ ಎಂದು ಸೇರಿಸಿ. ಉದ್ದವಾದರೂ ಚಿಂತೆಯಿಲ್ಲ.

ಸೋಂಕು ಮಿದುಳಿನ ಪೊರೆಗೆ ಹೋದಾಗ ಮಾಡುವ ‘ಲಂಬಾರ್ ಪಂಕ್ಚರ್’ಗೆ ಜನ ಆಡುವ ‘ಬೆನ್ನಲ್ಲಿ ನೀರು ತೆಗೆಯೋದು’ ಸಾಕು, ಕಾರಣ ಮಾತ್ರ ಬಿಡಬೇಡಿ. ಕಾಲು ಹೋಗುತ್ತದೆಂಬ ಹೆದರಿಕೆಯಿಂದ ಎಷ್ಟೋ ಮನೆಯವರು ಸಹಿ ಹಾಕುವುದಿಲ್ಲ. ವಾರಗಟ್ಟಲೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು ಇವೆಲ್ಲ ತಲೆಯೊಳಗಿನ ಒತ್ತಡದಿಂದ. ಆ ನೀರು ಪರೀಕ್ಷೆಗೂ ಬೇಕು, ತೆಗೆದರೆ ಒತ್ತಡ ಇಳಿದು ಕಣ್ಣೂ ಉಳಿಯುತ್ತದೆ. ಒತ್ತಡ ಮತ್ತೆ ಏರಿದರೆ ಮತ್ತೆ ತೆಗೆಯಬೇಕಾಗುತ್ತದೆ, ದಿನವೂ ಬೇಕಾದೀತು. ಅದಕ್ಕೆ ಮೊದಲು ಬೆರಳ ತುದಿಯ ರಕ್ತದಲ್ಲೇ ಕ್ರಿಪ್ಟೊಕಾಕಸ್ ಇದೆಯೇ ಎಂದು ಪಟ್ಟಿ ಪರೀಕ್ಷೆ ಮಾಡಬಹುದು, ಸುಮಾರು 10 ನಿಮಿಷ ಸಾಕು.

ಇನ್ನೆರಡು ಸಾಲು ಸೇರಿಸಿ. ಶಿಲೀಂಧ್ರ ಕೊಲ್ಲುವ ಆಂಫೊಟೆರಿಸಿನ್ ಔಷಧದ ಡ್ರಿಪ್ ಮುಗಿದು ತಲೆನೋವು ನಿಂತಿತೆಂದು ಆಮೇಲೆ ಕೊಡುವ ಫ್ಲುಕೊನಜೋಲ್ ಮಾತ್ರೆ ಬಿಟ್ಟರೆ ಸೋಂಕು ಮರುಕಳಿಸುತ್ತದೆ; ಕನಿಷ್ಠ ಒಂದು ವರ್ಷ ಬೇಕು. ಮಿದುಳಿನ ಪೊರೆಯ ಈ ಸೋಂಕಿಗೆ ಚಿಕಿತ್ಸೆ ಶುರುವಾದ ಮೇಲೆ, ಎಚ್‌ಐವಿ ಮಾತ್ರೆ ಹೊಸದಾಗಿ ಶುರುಮಾಡುವವರಿಗೆ 4ರಿಂದ 6 ವಾರ ತಡ ಮಾಡುವುದು ಅಲಕ್ಷ್ಯವಲ್ಲ. ಬೇಗ ಕೊಟ್ಟರೆ ಮರಳಿ ಬಂದ ತಡೆಶಕ್ತಿಯೇ ಮಿದುಳಿನಲ್ಲಿ ಊತ ತರಬಹುದು.