ಹಳೆಯ ಎಪಿಐ ಪ್ರವೇಶ ಮುಚ್ಚಿದವರ ಅನುಭವ ಬೇಕಾಗಿದೆ

ಪ್ರಶ್ನೆ: ನಮ್ಮ ವ್ಯವಹಾರ ತಂತ್ರಾಂಶದಲ್ಲಿ ಸುಮಾರು 600 ಬಳಕೆದಾರರಿಗೆ ಹಳೆಯ ಎಪಿಐ (ಬೇರೆ ಪ್ರೋಗ್ರಾಮ್‌ಗಳು ನೇರವಾಗಿ ಮಾಹಿತಿ ಪಡೆಯುವ ದಾರಿ) ಪ್ರವೇಶ ಇನ್ನೂ ತೆರೆದೇ ಇದೆ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟರೆ ಸಾಕು, ಒಟಿಪಿ ಕೇಳದೆ ಒಳಗೆ ಬಿಡುತ್ತದೆ. ಕಳೆದ 30 ದಿನಗಳ ಲಾಗ್‌ನಲ್ಲಿ (ಬಳಕೆಯ ದಾಖಲೆಯಲ್ಲಿ) ಇದನ್ನು ಬಳಸಿರುವುದು 11 ಖಾತೆಗಳು ಮಾತ್ರ. ಉಳಿದವರಿಗೆಲ್ಲ ಒಂದೇ ಬಾರಿಗೆ ಮುಚ್ಚಿಬಿಡಬಹುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಆ 30 ದಿನಗಳ ಲಾಗನ್ನು ನಂಬಿಯೇ ನಾವು ಕೆಟ್ಟೆವು. ತಿಂಗಳಿಗೊಮ್ಮೆ ನಡೆಯುವ ಕೆಲಸ ಅದರಲ್ಲಿ ಕಾಣಬಹುದು. ಮೂರು ತಿಂಗಳಿಗೊಮ್ಮೆ ಅಥವಾ ವರ್ಷಾಂತ್ಯದಲ್ಲಿ ಮಾತ್ರ ಎಚ್ಚರಗೊಳ್ಳುವ ಸ್ಕ್ರಿಪ್ಟ್‌ಗಳು (ತಾವಾಗಿಯೇ ಓಡುವ ಸಣ್ಣ ಪ್ರೋಗ್ರಾಮ್‌ಗಳು) ಕಾಣುವುದಿಲ್ಲ. ನಾವು ಪ್ರವೇಶ ಮುಚ್ಚಿ ಐದು ವಾರಗಳಾದ ಮೇಲೆ ತ್ರೈಮಾಸಿಕದ ಬಾಕಿ ವಸೂಲಿ ವರದಿ ಬಂತು, ಜೊತೆಗೆ ‘ಯಶಸ್ವಿ, 0 ದಾಖಲೆಗಳು’ ಎಂಬ ಇಮೇಲ್ ಕೂಡ ಬಂತು. ಸರ್ವರ್ 401 (ಪ್ರವೇಶವಿಲ್ಲ) ಎಂದು ಉತ್ತರಿಸಿದ್ದನ್ನು ಆ ಸ್ಕ್ರಿಪ್ಟ್ ದೋಷವೆಂದು ಪರಿಗಣಿಸದೆ, ದಾಖಲೆಗಳೇ ಇಲ್ಲವೆಂದು ಭಾವಿಸಿ ಖಾಲಿ ಕಡತವನ್ನು ಬರೆದಿಟ್ಟಿತ್ತು. ಒಬ್ಬ ಗ್ರಾಹಕರ ಬಾಕಿಯೂ ಕಾಣಿಸುತ್ತಿಲ್ಲವಲ್ಲ ಎಂದು ಲೆಕ್ಕಪತ್ರ ವಿಭಾಗದವರು ಕೇಳಿದಾಗಲೇ ನಮಗೆ ಗೊತ್ತಾದದ್ದು. ಆ ಸ್ಕ್ರಿಪ್ಟ್ ಓಡುತ್ತಿದ್ದದ್ದು ಬೇರೆ ವಿಭಾಗಕ್ಕೆ ವರ್ಗವಾಗಿ ಹೋಗಿದ್ದ ಸಿಬ್ಬಂದಿಯೊಬ್ಬರ ಸ್ವಂತ ಖಾತೆಯಲ್ಲಿ. ಅವರಿಗೇ ಅದು ನೆನಪಿರಲಿಲ್ಲ.

ಆದ್ದರಿಂದ ಲಾಗ್ ನೋಡುವುದರ ಜೊತೆಗೆ ಸರ್ವರ್‌ಗಳಲ್ಲಿರುವ ಶೆಡ್ಯೂಲ್ಡ್ ಟಾಸ್ಕ್‌ಗಳ (ನಿಗದಿತ ಸಮಯಕ್ಕೆ ತಾವಾಗಿಯೇ ನಡೆಯುವ ಕೆಲಸಗಳ) ಪಟ್ಟಿಯನ್ನೂ ತೆಗೆಸಿ, ಲೆಕ್ಕಪತ್ರ ಮತ್ತು ಸಂಬಳ ವಿಭಾಗದವರ ಬಳಿ ಕುಳಿತು ಅವರ ವರದಿಗಳು ಎಲ್ಲಿಂದ ಬರುತ್ತವೆ ಎಂದು ಒಂದೊಂದಾಗಿ ಕೇಳಿ. ಹೊಸದಾಗಿ ತೆರೆಯುವ ಖಾತೆಗಳಿಗೆ ಮಾತ್ರ ಇಂದೇ ಮುಚ್ಚಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಉತ್ತರ 2: ಅನುಮತಿ ಎಲ್ಲೆಲ್ಲಿಂದ ಸಿಗುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. ಉದಾಹರಣೆಗೆ ಸೇಲ್ಸ್‌ಫೋರ್ಸ್ ಎಂಬ ವ್ಯವಹಾರ ತಂತ್ರಾಂಶದಲ್ಲಿ ‘ಎಪಿಐ ಎನೇಬಲ್ಡ್’ ಎಂಬ ಅನುಮತಿಯನ್ನು ಬಳಕೆದಾರರ ಪ್ರೊಫೈಲ್‌ನಿಂದ (ಮೂಲ ಅನುಮತಿಗಳ ಪಟ್ಟಿಯಿಂದ) ತೆಗೆದರೂ, ಅದೇ ಬಳಕೆದಾರರಿಗೆ ಪರ್ಮಿಷನ್ ಸೆಟ್ (ಹೆಚ್ಚುವರಿ ಅನುಮತಿಗಳ ಗುಂಪು) ಒಂದರ ಮೂಲಕ ಅದು ಸಿಗುತ್ತಿದ್ದರೆ ಬಾಗಿಲು ತೆರೆದೇ ಇರುತ್ತದೆ. ಇನ್ನೊಂದು ಕಡೆ, ದಾಖಲೆಗಳನ್ನು ಒಟ್ಟಿಗೆ ಹಾಕಲು, ತೆಗೆಯಲು ಇರುವ ಡೇಟಾ ಲೋಡರ್ ಬಳಸುವವರಿಗೂ ಇದೇ ಅನುಮತಿ ಬೇಕಾಗಿರುವುದರಿಂದ, ಎಲ್ಲರಿಂದಲೂ ಕಿತ್ತುಕೊಂಡರೆ ಮರುದಿನವೇ ದೂರುಗಳು ಶುರುವಾಗುತ್ತವೆ. ನಿಮ್ಮ 11 ಖಾತೆಗಳಲ್ಲಿ ಯಂತ್ರದ ಕೆಲಸ ಮಾಡುತ್ತಿರುವ ಮನುಷ್ಯರ ಖಾತೆಗಳೆಷ್ಟು ಎಂದು ಮೊದಲು ಎಣಿಸಿ, ಅವುಗಳನ್ನು ಓಆಥ್ (ಪಾಸ್‌ವರ್ಡ್ ಬದಲು ಟೋಕನ್‌ನಿಂದ ಪ್ರವೇಶ ಕೊಡುವ ವಿಧಾನ) ಬಳಸುವ ಪ್ರತ್ಯೇಕ ಸರ್ವಿಸ್ ಖಾತೆಗಳಿಗೆ (ಯಂತ್ರದ ಕೆಲಸಕ್ಕೆಂದೇ ಇರುವ ಖಾತೆಗಳಿಗೆ) ಸಾಗಿಸಿ.

ಉತ್ತರ 3: ಪೂರ್ತಿ ಮುಚ್ಚುವ ಮುನ್ನ ಕೆಲವು ಗಂಟೆಗಳ ಕಾಲ ಮುಚ್ಚಿ ಮತ್ತೆ ತೆರೆಯಿರಿ. ತಂತ್ರಾಂಶದ ಕೋಡ್ ಇಡುವ ತಾಣ ಗಿಟ್‌ಹಬ್ 2020ರ ನವೆಂಬರ್ 13ರಂದು ತನ್ನ ಎಪಿಐಗೆ ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸುವ ಮೊದಲು ಹೀಗೆಯೇ ಮಾಡಿತ್ತು. ವಾರದ ಮಧ್ಯದ ಬೆಳಿಗ್ಗೆ, ಎಲ್ಲರೂ ತಮ್ಮ ಕುರ್ಚಿಯಲ್ಲಿರುವಾಗ ಮಾಡಿ. ಶುಕ್ರವಾರ ಸಂಜೆ ಬೇಡವೇ ಬೇಡ. ಇಮೇಲ್ ಕೂಡ ಇದರಲ್ಲಿ ಸೇರಿದ್ದರೆ ಸ್ಕ್ಯಾನರ್ ಮತ್ತು ಪ್ರಿಂಟರ್‌ಗಳನ್ನು ಮರೆಯಬೇಡಿ. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ತನ್ನ ಇಮೇಲ್ ಸೇವೆ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಬೇಸಿಕ್ ಆಥೆಂಟಿಕೇಷನ್ (ಬರೀ ಯೂಸರ್‌ನೇಮ್, ಪಾಸ್‌ವರ್ಡ್‌ನ ಪ್ರವೇಶ) ಮುಚ್ಚತೊಡಗಿದಾಗ, ಬಳಕೆಯಲ್ಲಿದ್ದ ಎಸ್‌ಎಂಟಿಪಿ ಆಥ್ (ಸ್ಕ್ಯಾನರ್, ಪ್ರಿಂಟರ್‌ಗಳಂಥವು ಇಮೇಲ್ ಕಳಿಸಲು ಬಳಸುವ ಪ್ರವೇಶ) ಅನ್ನು ಮಾತ್ರ ಆಗ ಮುಟ್ಟಲಿಲ್ಲ. ಗೋಡೆ ಬದಿಯಲ್ಲಿ ನಿಂತಿರುವ ಅಂಥ ಹಳೆಯ ಯಂತ್ರಗಳಿಗೆ ಹೊಸ ವಿಧಾನ ಕಲಿಸುವುದು ಸುಲಭವಲ್ಲ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ಇಂದು ಶೆಡ್ಯೂಲ್ಡ್ ಟಾಸ್ಕ್‌ಗಳ ಪಟ್ಟಿ ತೆಗೆಸಿದೆ. ಲಾಗ್‌ನಲ್ಲಿ ಇಲ್ಲದ ಇನ್ನೂ ಮೂರು ಸಿಕ್ಕವು. ಅವುಗಳಲ್ಲಿ ಒಂದು ನನ್ನದೇ ಖಾತೆಯಲ್ಲಿ ಓಡುತ್ತಿದೆ.